ಅಜ್ಜಿಯ ಕೆನ್ನೆಯ ಮೇಲಿನ ಇಸವಿ

ನಮ್ಮಜ್ಜಿಯ ಹರೆಯದ ಕಪ್ಪು-ಬಿಳುಪು ಫೋಟೊವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೆನ್ನೆಯ ಮೇಲೆ ಇಸವಿಯೊಂದು ಉಬ್ಬಿಕೊಂಡು ಉಲ್ಟಾ ಕಾಣುತ್ತದೆ. ಅದು ನನ್ನದೇ ಘನಕಾರ್ಯ. ಮರೆತುಹೋಗದಿರಲಿ ಅಂತ ಹಿಂಬದಿಗೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಿದ್ದೆ.

ಮನೆಯ ಟ್ರಂಕಿನಲ್ಲಿದ್ದ ಹಳೆಯ ಫೋಟೊ, ಪತ್ರಗಳನ್ನು ಜೋಡಿಸಿಡುವಾಗ ಈಗ ಹಾಗೆ ಮಾಡುವುದಿಲ್ಲ. ಫೋಟೊವನ್ನು ಗಟ್ಟಿಯಾದ, ಶುಭ್ರವಾದ ಮೇಜಿನ ಮೇಲೆ ಬೋರಲು ಹಾಕಿ, ಮೆತ್ತನೆಯ ಪೆನ್ಸಿಲಿನಲ್ಲಿ ಅಂಚಿನ ಬಳಿ ಹಗುರವಾಗಿ ಬರೆಯುತ್ತೇನೆ. ಹಿಂಬದಿ ಪ್ಲಾಸ್ಟಿಕ್ಕಿನಂತೆ ನುಣುಪಾಗಿದ್ದರೆ ಪೆನ್ಸಿಲ್ ಹತ್ತುವುದಿಲ್ಲ. ಆಗ ಲಕೋಟೆಯ ಮೇಲೆ ಬರೆದು, ಆಮೇಲೆ ಫೋಟೊ ಒಳಗಿಡಿ. 'ಅಜ್ಜಿ' ಅಂತಷ್ಟೇ ಬರೆದರೆ ಇನ್ನೆರಡು ತಲೆಮಾರಿಗೆ ಯಾರ ಅಜ್ಜಿಯೋ ಗೊತ್ತಾಗದು. ಪೂರ್ತಿ ಹೆಸರು ಬರೆಯಿರಿ, ಊಹೆಯಾದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ಮೊದಲು ಅವರ ಪಕ್ಕ ಕೂತುಕೊಳ್ಳಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ದಾರ ಕಟ್ಟಿದ್ದ ಕಾಗದದ ಕಟ್ಟುಗಳನ್ನೆಲ್ಲ ಬಿಚ್ಚಿ ತಾರೀಖಿನ ಪ್ರಕಾರ ಜೋಡಿಸಿಬಿಟ್ಟೆ. ನೋಡಲು ಅಚ್ಚುಕಟ್ಟು. ಆದರೆ ಯಾವ ಪತ್ರ ಯಾವ ಪತ್ರದ ಜೊತೆಗಿತ್ತು, ಯಾರು ಎತ್ತಿಟ್ಟಿದ್ದರು ಎಂಬುದು ಅವತ್ತೇ ಹೋಯಿತು. ಹಳೆಯ ದಾಖಲೆಗಳನ್ನು ಕಾಪಾಡಿಡುವ ಪತ್ರಾಗಾರಕ್ಕೆ ಇವನ್ನು ಕೊಡಲು ಹೋದಾಗ ಅಲ್ಲಿನವರು ಮೊದಲು ಕೇಳಿದ್ದೇ ಅದನ್ನು. ಟ್ರಂಕು ತೆರೆದ ಕೂಡಲೇ, ಏನನ್ನೂ ಕದಲಿಸುವ ಮೊದಲು, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಕಟ್ಟಿಗೊಂದು ಸಂಖ್ಯೆ ಕೊಡಿ.

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಕಾಗದ ಮುಟ್ಟಿ. ರಬ್ಬರ್ ಬ್ಯಾಂಡ್, ತುಕ್ಕು ಹಿಡಿದ ಪಿನ್ನು ತೆಗೆಯಬಹುದು. ಸ್ಟೇಪಲ್ ಆದರೆ ಹಿಂದಿನ ಕಾಲುಗಳನ್ನು ಮೊದಲು ನೆಟ್ಟಗೆ ಮಾಡಿ, ಎಳೆಯಬೇಡಿ. ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡ, ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಅಂಟುಪುಟದ ಆಲ್ಬಮ್ಮಿನಲ್ಲಿ ಸಿಕ್ಕಿಕೊಂಡ ಫೋಟೊಗಳಿಗೆ ತಾಳ್ಮೆ ಬೇಕು. ಪುಟವನ್ನು ಇದ್ದಹಾಗೇ ಸ್ಕ್ಯಾನ್ ಮಾಡಿಕೊಳ್ಳಿ. ಆಮೇಲೆ ಹಲ್ಲಿನ ಸಂದು ಶುಚಿ ಮಾಡುವ ದಾರವನ್ನು ಮೂಲೆಯಿಂದ ಫೋಟೊದ ಅಡಿಗೆ ತೂರಿಸಿ, ಗರಗಸದಂತೆ ಆಚೀಚೆ ನಿಧಾನಕ್ಕೆ ಎಳೆಯುತ್ತಾ ಹೋಗಿ. ಫೋಟೊ ಬಾಗತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಪುಟವನ್ನೇ ಕತ್ತರಿಸಿಟ್ಟರೂ ಆದೀತು.

ಇಡುವುದಕ್ಕೆ ಆಮ್ಲರಹಿತ ಕಾಗದದ ಲಕೋಟೆ, ಇಲ್ಲವೇ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಳೆ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನದು ಬೇಡ. ಪತ್ರಿಕೆಯ ತುಣುಕುಗಳನ್ನು ಬೇರೆಯೇ ಇಡಿ, ಅವುಗಳ ಆಮ್ಲ ಪಕ್ಕದ ಕಾಗದವನ್ನೂ ಕಂದಾಗಿಸುತ್ತದೆ. ವಿನೆಗರ್ ವಾಸನೆ ಬರುವ ಫಿಲ್ಮ್ ಕೆಡುತ್ತಿದೆ ಎಂದರ್ಥ, ಅದೂ ಬೇರೆ. ಅಟ್ಟ ಬೇಡ, ನೆಲ ಬೇಡ, ನೀರಿನ ಪೈಪು ಹಾದ ಗೋಡೆಯೂ ಬೇಡ. ಗಾಳಿಯ ತೇವಾಂಶ ಶೇ. 30ರಿಂದ 50ರೊಳಗಿದ್ದರೆ ಒಳ್ಳೆಯದು.

ಸ್ಕ್ಯಾನ್ 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ), ಟಿಫ್ (TIFF) ಎಂಬ ಬಗೆಯ ಚಿತ್ರದ ಕಡತ, ಹಿಂಬದಿಯೂ ಸೇರಿ. ಲಕೋಟೆಗೂ ಒಂದು ಸಂಖ್ಯೆ ಕೊಡಿ, ಕಡತಕ್ಕೆ ಅದೇ ಹೆಸರು. ಒಂದು ಪ್ರತಿ ಬೇರೆ ಮನೆಯಲ್ಲಿರಲಿ.

ಪತ್ರಾಗಾರಕ್ಕೆ ಕೊಡುವ ಮುನ್ನ ಪಟ್ಟಿ ಕಳಿಸಿ, ಏನು ಬೇಕೆಂದು ಕೇಳಿ. ಯಾರು ನೋಡಬಹುದು, ಅಚ್ಚು ಹಾಕುವ ಹಕ್ಕು ಯಾರದು, ಬೇಡವಾದದ್ದನ್ನು ವಾಪಸು ಕೊಡುತ್ತಾರೋ ಇಲ್ಲವೋ, ಎಲ್ಲವೂ ಬರಹದಲ್ಲಿರಲಿ. ಬದುಕಿರುವವರ ಖಾಸಗಿ ಪತ್ರಗಳಿದ್ದರೆ ಮುಂಚೆಯೇ ಹೇಳಿ.

ನಾನು ಕಳಿಸಿದ ಪಟ್ಟಿಯಲ್ಲಿ ಅಜ್ಜಿಯ ಫೋಟೊದ ಎದುರು ಹೀಗಿದೆ: 'ಕೆನ್ನೆಯ ಮೇಲೆ ಉಬ್ಬು ಗುರುತು, ಹಿಂಬದಿಯ ಬರಹದಿಂದ ಆದದ್ದು. ಬರೆದವನು ಮೊಮ್ಮಗ.'