ಸೊಸೆ ಬರೆದ ನಿಯಮಾವಳಿ

ಸ್ಕಾಟ್ಲೆಂಡಿನ ಇನ್ವರ್ನೆಸ್ ಹತ್ತಿರದ ನಮ್ಮ ಮನೆಯಲ್ಲಿ ಆ ಸಂಜೆ ಊಟದ ಮೇಜಿನ ಸುತ್ತ ಹನ್ನೊಂದು ಜನ ಕುಳಿತಿದ್ದರು. ಒಂಬತ್ತು ಮಂದಿಗೆ ಒಂದೇ ಅಡ್ಡಹೆಸರು, ಅವರಲ್ಲಿ ಮೂವರು ಡೊನಾಲ್ಡ್‌ಗಳು. ಮಲೆನಾಡಿನಲ್ಲಿ ಮನೆಯ ಹೆಸರು ಹಿಡಿದು ಕರೆಯುವ ಹಾಗೆ ಇವರನ್ನೂ ಹೊಲಮನೆಯ ಹೆಸರಿನಿಂದಲೇ ಗುರುತಿಸಬೇಕು. ಕುಲದ ಪರಂಪರೆ ಉಳಿಸಲು ಸಂಘವೊಂದು ಬೇಕು ಎನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ನಿಯಮಾವಳಿ ಬರೆಯುವವರು ಯಾರು ಎಂದಾಗ ಮಾತ್ರ ಎಲ್ಲರೂ ನನ್ನತ್ತ ತಿರುಗಿದರು. ಶಿವಮೊಗ್ಗದಲ್ಲಿ ಮಹಿಳಾ ಸಮಾಜದ ಲೆಕ್ಕ ಬರೆದವಳು ಎಂದು ನನ್ನ ಗಂಡ ಮೊದಲೇ ಬಾಯಿ ಬಿಟ್ಟಿದ್ದ.

ಕುಲದ ಹೆಸರು ಇಲ್ಲಿ ಬೇಡ. ಕೆಲವರ ಮುನಿಸು ಇನ್ನೂ ಇಳಿದಿಲ್ಲ.

ನಮ್ಮ ಕುಲಕ್ಕೆ ಈಗ ನಾಯಕನಿಲ್ಲ. ನಾಯಕನಿಲ್ಲದೆ ಎಂಥ ಸಂಘ ಎಂದು ಹಿರಿಯ ಡೊನಾಲ್ಡ್ ಕೊಂಕು ತೆಗೆದರು. ಬ್ಯೂಕ್ಯಾನನ್ ಕುಲ ಮುನ್ನೂರಕ್ಕೂ ಹೆಚ್ಚು ವರ್ಷ ನಾಯಕನಿಲ್ಲದೆ ಇದ್ದು, 2018ರಲ್ಲಷ್ಟೇ ಒಬ್ಬರಿಗೆ ಆ ಪಟ್ಟ ಸಿಕ್ಕಿತು. ಆದರೆ ಆ ಕುಲದವರು 1725ರಲ್ಲೇ ಗ್ಲಾಸ್ಗೋದಲ್ಲಿ ಸಂಘ ಕಟ್ಟಿ ತಮ್ಮವರಲ್ಲಿ ಬಡವರಾದವರಿಗೆ ನೆರವಾಗುತ್ತಿದ್ದರು ಎಂದೆ. ಅವರು ಸುಮ್ಮನಾದರು.

ಮೊದಲ ಎಡವಟ್ಟು ನನ್ನದೇ. ಹಳೆಯ ನಾಯಕನ ಗುರಾಣಿಯ ಲಾಂಛನ ಚೆನ್ನಾಗಿದೆ ಎಂದು ಪತ್ರದ ತಲೆಬರಹಕ್ಕೆ ಹಾಕಿಸಿ ಇನ್ನೂರು ಹಾಳೆ ಅಚ್ಚು ಮಾಡಿಸಿದೆ. ಸ್ಕಾಟ್ಲೆಂಡಿನಲ್ಲಿ ಆ ಗುರಾಣಿ ಕುಲದ ಸೊತ್ತಲ್ಲ, ನಾಯಕನೊಬ್ಬನ ಸ್ವಂತ ಆಸ್ತಿ. 1672ರ ಕಾಯಿದೆಯಿಂದ ಲಾಂಛನಗಳಿಗೆ ಸಾರ್ವಜನಿಕ ದಾಖಲೆ ಪುಸ್ತಕವಿದೆ. ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿ, ಅವರಿಗೊಂದು ನ್ಯಾಯಾಲಯ, ಮೊಕದ್ದಮೆ ಹೂಡಲು ಪ್ರತ್ಯೇಕ ಅಭಿಯೋಜಕ, ಎಲ್ಲವೂ ಉಂಟು. ಕುಲದವರು ಧರಿಸಬಹುದಾದದ್ದು ಬಕಲ್ ಇರುವ ಪಟ್ಟಿಯ ನಡುವೆ ಕೂರಿಸಿದ ಶಿಖರಚಿಹ್ನೆ, ಅಂದರೆ ಲಾಂಛನದಲ್ಲಿ ಗುರಾಣಿಯ ಮೇಲ್ಗಡೆ ಬರುವ ಚಿಹ್ನೆ, ಅಷ್ಟು ಮಾತ್ರ. ಆ ಇನ್ನೂರು ಹಾಳೆಗಳ ಬೆನ್ನಿನಲ್ಲಿ ಇವತ್ತಿಗೂ ದಿನಸಿ ಪಟ್ಟಿ ಬರೆಯುತ್ತಿದ್ದೇನೆ.

ನಿಜವಾದ ಜಗಳ ಹತ್ತಿದ್ದು ಒಂದೇ ವಾಕ್ಯಕ್ಕೆ: ಸದಸ್ಯರು ಯಾರು? ‘ಕುಲದ ರಕ್ತಸಂಬಂಧಿಗಳು ಮಾತ್ರ’ ಎಂದು ಹಿರಿಯ ಡೊನಾಲ್ಡ್ ಬರೆಸಲು ಹೊರಟರು. ಹಾಗಾದರೆ ಬರೆಯುತ್ತಿರುವ ನಾನು ಯಾರು ಎಂದು ಕೇಳಿದೆ. ಯಾರೋ ಚಹಾ ಬಗ್ಗಿಸಲು ಎದ್ದರು.

ಕುಲಕ್ಕೆ ಇವರು ‘ಕ್ಲಾನ್’ ಎನ್ನುತ್ತಾರೆ; ಇಲ್ಲಿನ ಹಳೆಯ ಭಾಷೆ ಗೇಲಿಕ್‌ನಲ್ಲಿ ಹಾಗೆಂದರೆ ಮಕ್ಕಳು ಎಂಬುದು ಸರಿಯೇ. ಆದರೆ ನಾಯಕನ ನೆಲದಲ್ಲಿ ಗೇಯ್ದವರು, ಅವನ ರಕ್ಷಣೆ ಬೇಡಿ ಬಂದವರೂ ಅವನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ಹೆಸರು ಬಿಟ್ಟುಕೊಡಬೇಕಾದವರೂ ಇದ್ದರು. ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ 1603ರಲ್ಲಿ ನಿಷೇಧಿಸಿದರು. ನಡುವೆ ಸಡಿಲಾಗಿ, ಮತ್ತೆ ಬಿಗಿಯಾಗಿ, ಪೂರ್ತಿ ತೆರವಾದದ್ದು 1774ರಲ್ಲಿ. ಆ ಕುಲದ ಹೆಸರಾಂತ ರಾಬ್ ರಾಯ್‌ನಂಥವನೂ ಕ್ಯಾಂಪ್‌ಬೆಲ್ ಎಂದು ಸಹಿ ಹಾಕಿದ್ದುಂಟು.

ಇದನ್ನೆಲ್ಲ ಹೇಳಿದರೂ ಯಾರೂ ಜಗ್ಗಲಿಲ್ಲ. ಜಗ್ಗಿಸಿದ್ದು ನಮ್ಮ ಅತ್ತೆಯ ಬೈಬಲ್. ಅದರ ಮೊದಲ ಪುಟದಲ್ಲಿ ಐದು ತಲೆಮಾರಿನ ಹೆಸರುಗಳಿವೆ, ಐದು ಬಗೆಯ ಶಾಯಿ, ಐದು ಬಗೆಯ ಕೈಬರಹ. ಅವನ್ನು ಜನನ ಮರಣ ನೋಂದಣಿಯೊಂದಿಗೆ ತಾಳೆ ನೋಡುತ್ತ ಹೋದೆ. ಇಲ್ಲಿ ಆ ನೋಂದಣಿ ಕಡ್ಡಾಯವಾದದ್ದು 1855ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಕಡತಗಳೇ ಗತಿ. ಅಲ್ಲಿ ಬೈಬಲ್ಲಿನ ಮೊದಲ ಹೆಸರಿನವನ ತಂದೆಗೆ ಬೇರೆಯದೇ ಅಡ್ಡಹೆಸರು! ರಕ್ತದ ನಿಯಮ ಹಿಡಿದರೆ ನನ್ನ ಗಂಡನೇ ಹೊರಗೆ. ಅತ್ತೆ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. “ಬರಿ, ಎಲ್ಲರನ್ನೂ ಸೇರಿಸಿ ಬರಿ” ಎಂದರು.

ಉಳಿದ ಕೆಲಸವನ್ನು ಕಾನೂನೇ ಮಾಡಿತು. ದತ್ತಿ ಸಂಸ್ಥೆಯಾಗಿ ನೋಂದಾಯಿಸಲು ಮೂವರು ಧರ್ಮದರ್ಶಿಗಳು ಸಾಕು. ಪರಂಪರೆಯ ಏಳಿಗೆಯೂ 2005ರ ಕಾಯಿದೆ ಒಪ್ಪುವ ಉದ್ದೇಶವೇ. ಆದರೆ ಸಾರ್ವಜನಿಕರಿಗೆ ಪ್ರಯೋಜನ ಉಂಟೇ, ಬಾಗಿಲು ಅತಿಯಾಗಿ ಕಿರಿದಾಗಿದೆಯೇ ಎಂದು ನಿಯಂತ್ರಕರು ನೋಡುತ್ತಾರೆ. ಕೊನೆಗೆ ಉಳಿದ ವಾಕ್ಯ: ‘ಹುಟ್ಟಿನಿಂದ, ಹೆಸರಿನಿಂದ, ಮದುವೆಯಿಂದ ಅಥವಾ ಆಸಕ್ತಿಯಿಂದ’. ‘ಆಸಕ್ತಿ’ ಎಂದ ಕೂಡಲೇ ಹಿರಿಯ ಡೊನಾಲ್ಡ್ ಟೋಪಿ ಹಾಕಿಕೊಂಡು ಎದ್ದು ಹೋದರು.

ಸಂಘದ ಮೊದಲ ಕೆಲಸ ಹಳೆಯ ಚರ್ಚಿನಂಗಳದ ಸಮಾಧಿಕಲ್ಲುಗಳ ಬರಹ ಓದಿ ದಾಖಲಿಸುವುದು. ಪಾಚಿ ಕೆರೆಯುವಂತಿಲ್ಲ, ಕಲ್ಲು ಸವೆಯುತ್ತದೆ. ಕತ್ತಲಾಗುತ್ತಿರುವಾಗ ಟಾರ್ಚನ್ನು ಕಲ್ಲಿನ ಅಂಚಿಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಅಳಿಸಿಹೋದ ಅಕ್ಷರ ನೆರಳಾಗಿ ಏಳುತ್ತದೆ. ಮೂರನೆಯ ಸಂಜೆ ಹಿರಿಯ ಡೊನಾಲ್ಡ್ ತಮ್ಮದೇ ಟಾರ್ಚ್ ತಂದು, ಏನೂ ಮಾತಾಡದೆ, ನನ್ನ ಪಕ್ಕದ ಕಲ್ಲಿನ ಎದುರು ಮೊಣಕಾಲೂರಿದರು. ಚಂದಾ ಮಾತ್ರ ಇನ್ನೂ ಕಟ್ಟಿಲ್ಲ.