ಬಿಲ್ ಇಲ್ಲದ ಪಂಪ್‌ಸೆಟ್ಟಿಗೂ ಕೆಪಾಸಿಟರ್ ಬೇಕು

ತ್ರೀಫೇಸ್ ಕರೆಂಟ್ ಬಂದ ಕೂಡಲೇ ಒಂದು ಟಿಸಿಯ (ಟ್ರಾನ್ಸ್‌ಫಾರ್ಮರಿನ) ಅಷ್ಟೂ ಬೋರ್‌ಗಳ ಆಟೋ ಸ್ಟಾರ್ಟರ್‌ಗಳು ಒಟ್ಟಿಗೇ ಎಳೆಯುತ್ತವೆ. ಲೈನಿನ ಕೊನೆಯ ತೋಟದ ಸ್ಟಾರ್ಟರ್ ಗುಂಯ್‌ಗುಟ್ಟಿ, ಹಿಡಿದುಕೊಳ್ಳಲಾಗದೆ ಟಕ್ಕೆಂದು ಬಿಡುತ್ತದೆ. ಬೇಸಿಗೆಯಲ್ಲಿ ಸುಟ್ಟ ಮೋಟಾರ್ ಎತ್ತಿಸಿ ರಿವೈಂಡಿಂಗ್‌ಗೆ ಕೊಟ್ಟವರಿಗೆ ಈ ಸದ್ದು ಚೆನ್ನಾಗಿ ಗೊತ್ತು.

ಇದರ ಹಿಂದಿನ ಒಂದು ಕಾರಣ ರಿಯಾಕ್ಟಿವ್ ಪವರ್. ಮೋಟಾರಿನೊಳಗೆ ಅಯಸ್ಕಾಂತ ಶಕ್ತಿ ಹುಟ್ಟಲು ಒಂದಿಷ್ಟು ಕರೆಂಟ್ ಬೇಕೇ ಬೇಕು. ಅದು ನೀರೆತ್ತುವುದಿಲ್ಲ, ಟಿಸಿಗೂ ಮೋಟಾರಿಗೂ ನಡುವೆ ಹೋಗಿ ಬರುತ್ತಾ ತಂತಿ ಬಿಸಿ ಮಾಡಿ, ವೋಲ್ಟೇಜ್ ತಿನ್ನುತ್ತದೆ. ಅದನ್ನು ಮೋಟಾರಿನ ಬಳಿಯಲ್ಲೇ ಒದಗಿಸುವುದು ಕೆಪಾಸಿಟರ್ ಕೆಲಸ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮಲ್ಲಿ ಬಿಲ್ ಇಲ್ಲ, ಹಾಗಾಗಿ ಇದರತ್ತ ಗಮನವೂ ಇಲ್ಲ. ಆದರೆ ಸುಡುವ ಮೋಟಾರ್ ನಮ್ಮದೇ.

ಮೊದಲು ಅಳೆಯಿರಿ. ಎಲ್ಲರ ಮೋಟಾರೂ ಓಡುತ್ತಿರುವ ಹೊತ್ತಿನಲ್ಲಿ ಫೇಸ್‌ಗಳ ನಡುವಿನ ವೋಲ್ಟೇಜ್ ನೋಡಿ. 415 ಇರಬೇಕು, 390ಕ್ಕಿಂತ ಕೆಳಗಿದ್ದರೆ ತೊಂದರೆ ಶುರುವಾಗಿದೆ ಎಂದೇ ಅರ್ಥ. ಮೇನ್ ಸ್ವಿಚ್ಚಿನಿಂದ ಸ್ಟಾರ್ಟರಿಗೆ ಬರುವ ವೈರಿಗೆ ಟಾಂಗ್ ಟೆಸ್ಟರ್ (ವೈರನ್ನು ಇಕ್ಕಳದಂತೆ ಸುತ್ತುವರಿದು ಕರೆಂಟ್ ಅಳೆಯುವ ಮೀಟರ್) ಹಾಕಿ ಕರೆಂಟನ್ನೂ ಬರೆದಿಟ್ಟುಕೊಳ್ಳಿ.

ಅಳತೆ ಮೀರಬೇಡಿ. ಕೆಪಾಸಿಟರಿನ ಅಳತೆ ಕೆವಿಎಆರ್‌ನಲ್ಲಿ: 3 ಎಚ್‌ಪಿಗೆ 1 ಕೆವಿಎಆರ್, 5ಕ್ಕೆ 2, 7.5ಕ್ಕೆ 3. ದೊಡ್ಡದು ಹಾಕಿದರೆ ಹೆಚ್ಚು ಲಾಭ ಎಂಬುದು ತಪ್ಪು. ಕರೆಂಟ್ ಹೋದ ಮೇಲೂ ಮೋಟಾರ್ ಕೆಲ ಕ್ಷಣ ತಿರುಗುತ್ತಿರುತ್ತದೆ. ಆಗ ಅತಿಯಾದ ಕೆಪಾಸಿಟರ್ ಅದನ್ನು ಜನರೇಟರ್ ಮಾಡಿ ವೋಲ್ಟೇಜ್ ಏರಿಸಿಬಿಡುತ್ತದೆ. ಎರಡೇ ಫೇಸಿನಲ್ಲಿ ಮೋಟಾರ್ ಓಡಿಸಲು ಹಾಕುವ ಕಂಡೆನ್ಸರ್ ಬೇರೆ, ಇದು ಬೇರೆ. ಅಂಗಡಿಯಲ್ಲಿ ತ್ರೀಫೇಸ್ ಪವರ್ ಕೆಪಾಸಿಟರ್ ಎಂದೇ ಕೇಳಿ, ಐಎಸ್‌ಐ ಗುರುತು ನೋಡಿ.

ಜೋಡಣೆ ಎಲೆಕ್ಟ್ರಿಷಿಯನ್ ಮಾಡಲಿ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಂಡ ಮೇಲೆಯೇ ಕೈ ಹಾಕಬೇಕು. ಡಿಒಎಲ್ (ಮೋಟಾರಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಡುವ) ಸ್ಟಾರ್ಟರ್ ಆದರೆ ಮೋಟಾರಿನ ವೈರ್ ಹೊರಡುವ ಮೂರು ಟರ್ಮಿನಲ್‌ಗಳಿಗೇ ಕೆಪಾಸಿಟರಿನ ಮೂರು ವೈರ್ ಸೇರಬೇಕು. ಮೋಟಾರಿನ ಜೊತೆಗೇ ಆನ್, ಜೊತೆಗೇ ಆಫ್. ಆಫ್ ಮಾಡಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಐದು ನಿಮಿಷ ಬಿಟ್ಟು, ಪರೀಕ್ಷಿಸಿಯೇ ಮುಟ್ಟಿ.

ರಿಲೇ, ಅಂದರೆ ಹೊರೆ ಹೆಚ್ಚಾದಾಗ ಮೋಟಾರ್ ನಿಲ್ಲಿಸುವ ಸ್ಟಾರ್ಟರಿನ ಭಾಗ, ಮರೆಯಬೇಡಿ. ತುಂಬ ಜನ ಎಡವುವುದು ಇಲ್ಲೇ. 5 ಎಚ್‌ಪಿ ಮೋಟಾರ್ ಸುಮಾರು 8 ಆಂಪಿಯರ್ ಎಳೆಯುತ್ತಿದ್ದರೆ, 2 ಕೆವಿಎಆರ್ ಸೇರಿದ ಮೇಲೆ ಲೈನಿನಲ್ಲಿ 7ರ ಆಸುಪಾಸಿಗೆ ಇಳಿಯುತ್ತದೆ. ತಂತಿಯಲ್ಲಿ ಸೋರುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಉಳಿತಾಯವಾಗುತ್ತದೆ. ಓವರ್‌ಲೋಡ್ ರಿಲೇಯಲ್ಲೂ ಈಗ ಹರಿಯುವುದು ಆ 7 ಮಾತ್ರ. ಅದರ ಮುಳ್ಳನ್ನು ಹಳೆಯ 8ರಲ್ಲೇ ಬಿಟ್ಟರೆ ಮೋಟಾರಿಗೆ ಹೊರೆ ಜಾಸ್ತಿಯಾದರೂ ರಿಲೇ ಬೀಳದು. ಹೊಸದಾಗಿ ಅಳೆದು ಕೆಳಗಿಳಿಸಿ.

ವರ್ಷಕ್ಕೊಮ್ಮೆ ಕೆಪಾಸಿಟರಿನ ಒಂದೊಂದು ವೈರನ್ನೂ ಟಾಂಗ್ ಟೆಸ್ಟರಿನಲ್ಲಿ ಹಿಡಿದು ನೋಡಿ. 2 ಕೆವಿಎಆರ್‌ನದು 415 ವೋಲ್ಟಿನಲ್ಲಿ 2.8 ಆಂಪಿಯರ್ ತೋರಿಸಬೇಕು. ಒಂದರಲ್ಲಿ ಸೊನ್ನೆ ಬಂದರೆ, ಡಬ್ಬಿ ಉಬ್ಬಿದ್ದರೆ, ಬದಲಾಯಿಸಿ.

ಒಂದು ಮಿತಿಯಿದೆ. ವೋಲ್ಟೇಜ್ ಕುಸಿದಾಗಲೇ ಕೆಪಾಸಿಟರಿನ ಬಲವೂ ಕುಸಿಯುತ್ತದೆ: 350 ವೋಲ್ಟಿನಲ್ಲಿ ಅದರ ಶಕ್ತಿ ಶೇ 70ರಷ್ಟೇ. ಕೊನೆಯ ತೋಟದವರೊಬ್ಬರೇ ಹಾಕಿಕೊಂಡರೆ ಸಾಲದು, ಒಂದು ಟಿಸಿಯವರೆಲ್ಲ ಮಾತಾಡಿಕೊಂಡು ಒಟ್ಟಿಗೆ ಹಾಕಬೇಕು. ಆಟೋ ಸ್ಟಾರ್ಟರ್‌ಗಳ ಟೈಮರ್‌ಗಳನ್ನೂ ಒಂದೊಂದು ನಿಮಿಷ ಹಿಂದೆಮುಂದೆ ಇಟ್ಟುಕೊಳ್ಳಿ. ಇಷ್ಟಾದರೂ ವೋಲ್ಟೇಜ್ ಏರದಿದ್ದರೆ, ಮೊದಲಿನ ಮತ್ತು ಈಗಿನ ಅಳತೆಗಳನ್ನು ಬರೆದು ಲಗತ್ತಿಸಿ, ಸೆಕ್ಷನ್ ಆಫೀಸಿನಲ್ಲಿ ಹೆಚ್ಚುವರಿ ಟಿಸಿಗೆ ಅರ್ಜಿ ಕೊಡಿ.