ಎಣ್ಣೆ ಹೋಗುವ ದಾರಿ: ನನ್ನ ವಿಮಾನಕ್ಕೆ ಹೊಸ ಪ್ರೊಪೆಲ್ಲರ್ ಹಾಕಿದ ಅನುಭವ

ಕಳೆದ ಮಳೆಗಾಲದಲ್ಲಿ ಊರಿಗೆ ಬಂದಾಗ ನನ್ನನ್ನು ಕರೆದುಕೊಂಡು ಹೋಗಲು ಅಪ್ಪಯ್ಯ ಸೋಗಾನೆಗೆ ಬಂದಿದ್ದರು. ಶಿವಮೊಗ್ಗದ ಈ ವಿಮಾನ ನಿಲ್ದಾಣ ಉದ್ಘಾಟನೆಯಾಗಿದ್ದು 2023ರ ಫೆಬ್ರವರಿಯಲ್ಲಿ. ಅದೇ ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನ ಬರಲು ಶುರುವಾಯಿತು. ಅಪ್ಪಯ್ಯ ಅದನ್ನು ಹತ್ತಿರದಿಂದ ನೋಡಿದ್ದು ಅವತ್ತೇ ಮೊದಲು. ಕಾರು ಹತ್ತಿದ ಕೂಡಲೇ ಕೇಳಿದರು: "ಅಲ್ಲ ಮಾರಾಯ, ನಿಂತ ಮೇಲೆ ಅದರ ಫ್ಯಾನಿನ ಎಲೆಗಳೆಲ್ಲ ಅಂಚು ಮುಂದೆ ಮಾಡಿಕೊಂಡು ನಿಂತವಲ್ಲ, ಯಾಕೆ?"

ಗಾಜನೂರು ದಾಟಿ ಮಂಡಗದ್ದೆ ಬರುವವರೆಗೂ ಅದೇ ಮಾತು. ಅದರ ಬ್ಲೇಡುಗಳು ಬುಡದಲ್ಲೇ ತಿರುಗುತ್ತವೆ, ಓರೆ ಬದಲಾಗುತ್ತದೆ, ನಾನೂ ನನ್ನ ವಿಮಾನಕ್ಕೆ ಅಂಥದ್ದನ್ನು ಹಾಕಬೇಕು ಅಂತ ಇದ್ದೇನೆ ಎಂದೆ. "ಹಾಗಾದ್ರೆ ಓರೆ ಎಷ್ಟಿರಬೇಕು ಅಂತ ಹೇಳೋದು ಯಾರು?" ಅಂದರು. ಈ ಕೆಲಸದ ಮುಖ್ಯ ಪ್ರಶ್ನೆಯೇ ಅದು.

ನಮ್ಮೂರು ತೀರ್ಥಹಳ್ಳಿ ಹತ್ತಿರ. ನಾನಿರೋದು ಅಮೆರಿಕದ ಒರೆಗಾನ್‌ನಲ್ಲಿ. ಅಲ್ಲಿ ಆರು ವರ್ಷ ರಜಾದಿನಗಳಲ್ಲಿ ಕೂತು ಕಿಟ್‌ನಿಂದ ಆರ್‌ವಿ-7 ಅನ್ನುವ ಒಂದು ಪುಟ್ಟ ವಿಮಾನ ಕಟ್ಟಿದೆ. ಎರಡು ಸೀಟು, ಅಲ್ಯುಮಿನಿಯಂ ಮೈ. ಎಂಜಿನ್ ಲೈಕಮಿಂಗ್ ಒ-360, ನಿಮಿಷಕ್ಕೆ 2,700 ಸುತ್ತಿನಲ್ಲಿ 180 ಅಶ್ವಶಕ್ತಿ. ಮೊದಲು ಹಾಕಿದ್ದು ಓರೆ ಬದಲಾಗದ ಲೋಹದ ಪ್ರೊಪೆಲ್ಲರ್. ಅದರಲ್ಲಿ ಒಂದೇ ಗೇರು ಇದ್ದ ಹಾಗೆ. ನಾನು ಆರಿಸಿದ್ದು ವೇಗವಾಗಿ ಹೋಗಲು ಸರಿಯಾದ ಓರೆ. ಹಾಗಾಗಿ ನೆಲ ಬಿಡುವಾಗ ಥ್ರಾಟಲ್ ಪೂರ್ತಿ ಕೊಟ್ಟರೂ 2,200 ಸುತ್ತಿನ ಮೇಲೆ ಹೋಗುತ್ತಿರಲಿಲ್ಲ. ಲೆಕ್ಕ ಹಾಕಿದರೆ ಸಿಗುತ್ತಿದ್ದುದು ಹೆಚ್ಚುಕಡಿಮೆ 150 ಅಶ್ವಶಕ್ತಿ. ಶಕ್ತಿ ಬಹಳ ಬೇಕಾದ ಹೊತ್ತಿನಲ್ಲೇ 30 ಕುದುರೆ ಕೊಟ್ಟಿಗೆಯಲ್ಲಿ ಉಳಿದಂತೆ. ಆಗುಂಬೆ ಘಾಟಿಯ 14 ತಿರುವನ್ನೂ ಜೀಪಿನ ಟಾಪ್ ಗೇರಿನಲ್ಲೇ ಹತ್ತಿಸಿದರೆ ಎಂಜಿನ್ ಹೇಗೆ ಗೋಳಾಡುತ್ತದೆ, ಹಾಗೆ.

ಓರೆ ಬದಲಾಗುವ ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್‌ನಲ್ಲಿ ಪೈಲಟ್ ಒಂದು ನೀಲಿ ಗುಬ್ಬಿಯಿಂದ (ಒತ್ತುವ, ಎಳೆಯುವ ಹಿಡಿ) ಎಷ್ಟು ಸುತ್ತು ಬೇಕು ಅಂತ ಹೇಳುತ್ತಾನೆ. ಆ ಸುತ್ತನ್ನು ಕಾಪಾಡೋದು ಗವರ್ನರ್ ಅನ್ನುವ ಭಾಗ. ಓರೆ ಎಷ್ಟಿರಬೇಕು ಅಂತ ಹೇಳೋದೂ ಅದೇ.

ಅಪ್ಪಯ್ಯನಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ. ಮರುದಿನ ಅವರೇ ನನ್ನನ್ನು ತೋಟದ ಪಂಪ್‌ಸೆಟ್ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹಳೇ ಡೀಸೆಲ್ ಎಂಜಿನ್ ಇದೆ. ಕರೆಂಟು ಸರಿಯಾಗಿ ಇಲ್ಲದ ಕಾಲದಲ್ಲಿ ನಮ್ಮ ಅಡಿಕೆ ಉಳಿಸಿದ್ದು ಅದೇ. ಪಕ್ಕದ ಮುಚ್ಚಳ ಬಿಚ್ಚಿ ಒಳಗಿನ ಎರಡು ಗುಂಡು ತೋರಿಸಿದರು. ಎಂಜಿನ್ ಜೋರಾದರೆ ಗುಂಡುಗಳು ಹೊರಕ್ಕೆ ಹಾರುತ್ತವೆ, ಡೀಸೆಲ್ ಕಡಿಮೆಯಾಗುತ್ತದೆ. ಭಾರ ಬಿದ್ದು ನಿಧಾನವಾದರೆ ಸ್ಪ್ರಿಂಗು ಅವನ್ನು ಒಳಕ್ಕೆ ಒತ್ತುತ್ತದೆ, ಡೀಸೆಲ್ ಜಾಸ್ತಿಯಾಗುತ್ತದೆ. 1788ರಲ್ಲಿ ಜೇಮ್ಸ್ ವಾಟ್ ಸ್ಟೀಮ್ ಎಂಜಿನ್‌ಗೆ ಹಾಕಿದ್ದೂ ಇದೇ ಉಪಾಯ. ನನ್ನ ಗವರ್ನರ್‌ನಲ್ಲೂ ಅದೇ ಗುಂಡು, ಅದೇ ಸ್ಪ್ರಿಂಗು. ಆದರೆ ಅದು ಪೆಟ್ರೋಲನ್ನು ಮುಟ್ಟುವುದಿಲ್ಲ. ಎಂಜಿನ್ ಆಯಿಲನ್ನೇ ತೆಗೆದುಕೊಂಡು, ಒಂದು ಚಿಕ್ಕ ಗೇರ್ ಪಂಪಿನಿಂದ ಒತ್ತಡವನ್ನು ಹಲವು ಪಟ್ಟು ಏರಿಸಿ, ಪ್ರೊಪೆಲ್ಲರ್‌ನ ನಡುವಿನ ಗುಂಬಕ್ಕೆ (ಹಬ್) ಕಳಿಸುತ್ತದೆ. ಅಲ್ಲಿ ಒಂದು ಪಿಸ್ಟನ್ ಇದೆ. ಎಣ್ಣೆ ಒಳಗೆ ಬಂದರೆ ಬ್ಲೇಡಿನ ಓರೆ ಜಾಸ್ತಿಯಾಗಿ ಎಂಜಿನ್ ನಿಧಾನವಾಗುತ್ತದೆ. ಎಣ್ಣೆ ಹಿಂದೆ ಹೋದರೆ ಓರೆ ಕಮ್ಮಿಯಾಗಿ ಸುತ್ತು ಏರುತ್ತದೆ.

ಆ ಸಂಜೆ ಹೊರಗೆ ಮಳೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಕೆಲಸ ಬಿಟ್ಟು ಜಗಲಿಯಲ್ಲೇ ಕೂತಿದ್ದರು. ನಾನು ಕಾಗದದ ಮೇಲೆ ಎಂಜಿನ್ ಬರೆದೆ. ಹಿಂದೆ ಗವರ್ನರ್. ಅಲ್ಲಿಂದ ಒಂದು ಉಕ್ಕಿನ ಕೊಳವೆ ಎಂಜಿನ್‌ನ ಮೂತಿಗೆ. ಮೂತಿಯ ಬೇರಿಂಗ್ ಮೂಲಕ ಎಣ್ಣೆ ಟೊಳ್ಳು ಕ್ರ್ಯಾಂಕ್‌ಶಾಫ್ಟ್‌ನ ಒಳಗೆ, ಅಲ್ಲಿಂದ ಮುಂದೆ ಪ್ರೊಪೆಲ್ಲರ್‌ಗೆ. ಅಪ್ಪಯ್ಯ ಬೆರಳಿನಲ್ಲಿ ಆ ದಾರಿ ಹಿಡಿದು ಹೋದರು. ಶಾಫ್ಟ್‌ನ ಒಳಗೆ ಬಂದು ನಿಂತರು. "ಮುಂದೆ ಹೋಗ್ತದೆ ಸರಿ. ಹಿಂದೆ ಯಾಕೆ ಹೋಗೋದಿಲ್ಲ?"

"ಹಿಂದೆ ಒಂದು ಬಿರಡೆ ಇದೆ" ಅಂದೆ.

"ಅದು ಗಟ್ಟಿ ಇದ್ಯಾ? ನೋಡಿದ್ದೀಯಾ?"

ನೋಡಿರಲಿಲ್ಲ. ರಾತ್ರಿ ಲೈಕಮಿಂಗ್‌ನ ಸೂಚನೆ ತೆಗೆದು ಓದಿದೆ. ಈ ಟೊಳ್ಳು ಶಾಫ್ಟ್‌ನಲ್ಲಿ ಎರಡು ಬಿರಡೆಗಳ ಜಾಗ ಇದೆ. ಓರೆ ಬದಲಾಗದ ಪ್ರೊಪೆಲ್ಲರ್ ಇದ್ದಾಗ ಮುಂದಿನ ಬಿರಡೆ ಶಾಫ್ಟ್‌ನ ಬಾಯಿ ಮುಚ್ಚುತ್ತದೆ. ಹಿಂದಿನದಕ್ಕೆ ಬೇಕೆಂತಲೇ ಒಂದು ಚಿಕ್ಕ ತೂತು ಮಾಡಿರುತ್ತಾರೆ, ನಡುವೆ ಒತ್ತಡ ಸೇರಿಕೊಳ್ಳದೆ ಎಣ್ಣೆ ಎಂಜಿನ್‌ಗೆ ವಾಪಸ್ ಇಳಿಯಲಿ ಅಂತ. ಕಾನ್‌ಸ್ಟಂಟ್ ಸ್ಪೀಡ್ ಹಾಕುವಾಗ ಇದು ಪೂರ್ತಿ ತಿರುವುಮುರುವು. ಮುಂದಿನ ಬಿರಡೆ ತೆಗೆಯಬೇಕು. ಹಿಂದೆ ತೂತಿಲ್ಲದ ಹೊಸದನ್ನು ಹಾಕಬೇಕು. ನನ್ನ ಕೆಲಸದ ಪಟ್ಟಿಯಲ್ಲಿ ಮುಂದಿನದಷ್ಟೇ ಇತ್ತು! ಹಾಗೇ ಜೋಡಿಸಿದ್ದರೆ ಗವರ್ನರ್ ಎಷ್ಟು ಒತ್ತಿದರೂ ಎಣ್ಣೆ ಆ ತೂತಿನಿಂದ ಸೋರಿ ಹೋಗುತ್ತಿತ್ತು. ಬ್ಲೇಡು ಸರಿಯಾಗಿ ತಿರುಗುತ್ತಿರಲಿಲ್ಲ, ಎಲ್ಲವನ್ನೂ ಮತ್ತೆ ಬಿಚ್ಚಬೇಕಿತ್ತು.

ನೀವೂ ಈ ಕೆಲಸ ಮಾಡೋದಾದರೆ ಪ್ರೊಪೆಲ್ಲರ್ ಕೊಳ್ಳುವ ಮೊದಲು ಎಂಜಿನ್‌ನ ಮಾದರಿ ಸಂಖ್ಯೆ ಪೂರ್ತಿ ಓದಿ. ನನ್ನದು ಎ1ಎ, ಶಾಫ್ಟ್ ಟೊಳ್ಳು. ಅದೇ ಒ-360ರಲ್ಲಿ ಎ4ಎಂ ಅಂತ ಇದ್ದರೆ ಶಾಫ್ಟ್ ಗಟ್ಟಿ. ಎಣ್ಣೆಗೆ ದಾರಿಯೇ ಇಲ್ಲ.

ಎರಡನೇ ಪಾಠ ಗವರ್ನರ್‌ನದು. ಹಳೇದೊಂದು ಕಡಿಮೆ ಬೆಲೆಗೆ ಸಿಕ್ಕಿತ್ತು. "ಎಲ್ಲ ಲೈಕಮಿಂಗ್‌ಗೂ ಆಗುತ್ತದೆ" ಅಂತ ಮಾರಿದವರು ಭರವಸೆ ಕೊಟ್ಟಿದ್ದರು. ಹಾಕುವ ಮೊದಲು ಅದನ್ನು ಪರೀಕ್ಷೆ ಮಾಡುವ ಕಡೆ ಕಳಿಸಿದ್ದು ಒಳ್ಳೆಯದಾಯಿತು. ಅದು ತಿರುವುಮುರುವಾಗಿ ಕೆಲಸ ಮಾಡುವ ಜಾತಿ. ಎಟಿಆರ್‌ನಂಥ ವಿಮಾನಗಳಲ್ಲಿ ಎಣ್ಣೆಯ ಒತ್ತಡ ಹೋದರೆ ಬ್ಲೇಡು ಗಾಳಿಗೆ ಅಂಚು ಕೊಡುವ ಕಡೆಗೆ ತಿರುಗಬೇಕು. ಅಪ್ಪಯ್ಯ ಸೋಗಾನೆಯಲ್ಲಿ ನೋಡಿದ್ದು ಬ್ಲೇಡಿನ ಆ ನಿಲುವನ್ನೇ. ನನ್ನಂಥ ಒಂದೇ ಎಂಜಿನ್ನಿನ ಸಾಮಾನ್ಯ ವಿಮಾನದಲ್ಲಿ ಎಣ್ಣೆ ಹೋದರೆ ಬ್ಲೇಡು ಕಡಿಮೆ ಓರೆಗೆ ಬರುತ್ತದೆ, ಸುತ್ತು ಏರುತ್ತದೆ. ಆಗ ಥ್ರಾಟಲ್ ಇಳಿಸಿ, ವೇಗ ತಗ್ಗಿಸಿ, ಹಾಗೇ ಹಾರಿಸಿಕೊಂಡು ಇಳಿಯಬಹುದು. ಹೊರಗಿನಿಂದ ಎರಡೂ ಗವರ್ನರ್ ಒಂದೇ ಥರ ಕಾಣುತ್ತವೆ. ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ. ನನಗೆ ಈಗಲೂ ಬೇಸರ ಇದೆ. ಹೊಸದನ್ನೇ ಕೊಂಡೆ.

ಜೋಡಿಸುವ ಕೆಲಸ ಚಳಿಗಾಲದಲ್ಲಿ ಆಯಿತು. ಸಾಗರ ಕಡೆಯ ಗೆಳೆಯನೊಬ್ಬ ಪ್ರತಿ ಶನಿವಾರ ಬಂದು ಕೈ ಜೋಡಿಸಿದ. ಮುಂದಿನ ಬಿರಡೆ ತೆಗೆಯುವಾಗ ಚೂರು ಒಳಗೆ ಬೀಳದ ಹಾಗೆ ಗ್ರೀಸ್ ಮೆತ್ತಿಕೊಂಡೆವು. ಗವರ್ನರ್‌ನ ಗ್ಯಾಸ್ಕೆಟ್‌ನಲ್ಲಿ ಒಂದು ಜಾಲರಿ ಇರುತ್ತದೆ, ಅದರ ಉಬ್ಬು ಗವರ್ನರ್ ಕಡೆಗೇ ಇರಬೇಕು. ಪ್ರೊಪೆಲ್ಲರ್ ನಟ್ಟುಗಳಿಗೆ ಟಾರ್ಕ್ ರೆಂಚ್ ನೇರವಾಗಿ ತಲುಪುವುದಿಲ್ಲ, ಕಾಗೆಕಾಲಿನಂಥ ಅಡಾಪ್ಟರ್ ಬೇಕು. ಅದನ್ನು ರೆಂಚ್‌ಗೆ ಅಡ್ಡಲಾಗಿ, ಸರಿಯಾಗಿ 90 ಡಿಗ್ರಿಗೆ ಹಾಕದಿದ್ದರೆ ಲೆಕ್ಕ ತಪ್ಪುತ್ತದೆ. ನೀಲಿ ಗುಬ್ಬಿಯ ಕೇಬಲ್‌ಗೆ ಎರಡು ಶನಿವಾರ ಹೋಯಿತು. ಗುಬ್ಬಿ ಪೂರ್ತಿ ಒತ್ತುವ ಮೊದಲೇ ಗವರ್ನರ್‌ನ ತೋಳು ತನ್ನ ತಡೆಗೆ ತಾಗಬೇಕು. ಗುಬ್ಬಿ ಮತ್ತು ಪ್ಯಾನೆಲ್ ನಡುವೆ ಸುಮಾರು 3 ಮಿಲಿಮೀಟರ್ ಉಳಿಸಿದೆವು.

ತೂಕದ ಲೆಕ್ಕವನ್ನೂ ಹೇಳಲೇಬೇಕು. ಹಳೇ ಪ್ರೊಪೆಲ್ಲರ್‌ಗಿಂತ ಹೊಸದು ಏಳೂವರೆ ಕಿಲೋ ಜಾಸ್ತಿ ತೂಗಿತು. ಗವರ್ನರ್, ಕೊಳವೆ, ಕೇಬಲ್ ಸೇರಿ ಇನ್ನೂ ಎರಡೂವರೆ. ಹತ್ತು ಕಿಲೋ ಏನು ಮಹಾ ಅನಿಸಬಹುದು. ಆದರೆ ಅದು ಕೂರುವುದು ಮೂಗಿನ ತುದಿಯಲ್ಲಿ. ಕಾವಡಿಯ ಒಂದು ತುದಿಗೆ ಚೊಂಬು ನೀರು ಜಾಸ್ತಿ ಹಾಕಿದರೂ ಹೆಗಲು ಜಾಗ ಬದಲಿಸಬೇಕಲ್ವಾ? ವಿಮಾನವನ್ನು ಮೂರು ತಕ್ಕಡಿ ಮೇಲೆ ನಿಲ್ಲಿಸಿ ಹೊಸದಾಗಿ ತೂಗಿದೆವು. ಸಮತೋಲದ ಬಿಂದು 3 ಸೆಂಟಿಮೀಟರ್ ಮುಂದೆ ಹೋಗಿತ್ತು. ಮಿತಿಯ ಒಳಗೇ ಇದೆ. ಆದರೂ ಒಬ್ಬನೇ ಹಾರುವಾಗ ಇಳಿಯುವ ಹೊತ್ತಿಗೆ ಮೂಗು ಭಾರ ಅನಿಸುತ್ತದೆ.

ಅಮೆರಿಕದ ನಿಯಮದಲ್ಲಿ ಇದು ದೊಡ್ಡ ಬದಲಾವಣೆ. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎಗೆ ತಿಳಿಸಿ, ಗೊತ್ತುಮಾಡಿದ ಪ್ರದೇಶದೊಳಗೆ ಕನಿಷ್ಠ 5 ಗಂಟೆ ಒಬ್ಬನೇ ಹಾರಿ ಪರೀಕ್ಷೆ ಮಾಡಿ, ಲಾಗ್‌ಬುಕ್‌ನಲ್ಲಿ ಬರೆಯಬೇಕು. ಮೊದಲ ಹಾರಾಟದಲ್ಲೇ ಸುತ್ತು 2,760 ಮುಟ್ಟಿತು. ನೆಲದಲ್ಲಿ ನಿಂತು ನೋಡಿದಾಗ 2,600 ಅಷ್ಟೇ ಇತ್ತು! ನೀಲಿ ಗುಬ್ಬಿ ಸ್ವಲ್ಪ ಎಳೆದೆ, 2,700ಕ್ಕೆ ಇಳಿಯಿತು. ಆಮೇಲೆ ಅರ್ಥವಾಯಿತು. ನಿಂತಾಗ ಸುತ್ತನ್ನು ಕಟ್ಟಿಹಾಕುವುದು ಗುಂಬದೊಳಗಿನ ಕಡಿಮೆ ಓರೆಯ ತಡೆ. ಗಾಳಿಯಲ್ಲಿ ಕಟ್ಟಿಹಾಕುವುದು ಗವರ್ನರ್‌ನ ಸ್ಕ್ರೂ. ನನ್ನದರಲ್ಲಿ ಸ್ಕ್ರೂ ಒಂದು ಸಲ ಪೂರ್ತಿ ತಿರುಗಿಸಿದರೆ ಎಂಜಿನ್‌ನ ಸುತ್ತು ಸುಮಾರು 25 ಬದಲಾಗುತ್ತದೆ. ಎರಡೂವರೆ ಸುತ್ತು ತಿರುಗಿಸಿದೆವು, ಸರಿಹೋಯಿತು.

ಇನ್ನೊಂದು ವಿಷಯ. ನನ್ನ ಎಂಜಿನ್ ಮತ್ತು ಈ ಬ್ಲೇಡಿನ ಜೋಡಿಗೆ 2,000ದಿಂದ 2,250ರ ನಡುವೆ ಬಹಳ ಹೊತ್ತು ಓಡಿಸಬಾರದು ಅಂತ ನಿರ್ಬಂಧ ಇದೆ. ಆ ಸುತ್ತಿನಲ್ಲಿ ಎಂಜಿನ್‌ನ ಹೊಡೆತಕ್ಕೆ ಬ್ಲೇಡು ತಾಳ ಹಾಕಲು ಶುರುಮಾಡುತ್ತದೆ, ಲೋಹ ದಣಿಯುತ್ತದೆ. ಪ್ಯಾನೆಲ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ.

ಈಗ ಏರುವ ವೇಗ ನಿಮಿಷಕ್ಕೆ 1,200 ಅಡಿಯಿಂದ 1,600ಕ್ಕೆ ಬಂದಿದೆ. ದೂರ ಹೋಗುವಾಗ 2,300ಕ್ಕೆ ಇಟ್ಟರೆ ಕಿವಿಗೂ ಹಿತ. ಆದರೆ ಒಂದು ವಿಷಯಕ್ಕೆ ಒಗ್ಗಿಕೊಳ್ಳಲು ಸಮಯ ಬೇಕಾಯಿತು. ಮೊದಲು ಮೂಗು ಎತ್ತಿದರೆ ಎಂಜಿನ್ ಸದ್ದು ಇಳಿಯುತ್ತಿತ್ತು, ತಗ್ಗಿಸಿದರೆ ಏರುತ್ತಿತ್ತು. ಸದ್ದು ಕೇಳಿಯೇ ವೇಗ ಗೊತ್ತಾಗುತ್ತಿತ್ತು. ಈಗ ಸದ್ದು ಬದಲಾಗುವುದೇ ಇಲ್ಲ, ಮೀಟರ್ ನೋಡಲೇಬೇಕು.

ಈ ಸಲ ಊರಿಗೆ ಬಂದಾಗ ಹಾರಾಟದ ವಿಡಿಯೋ ತಂದಿದ್ದೆ. ಅಪ್ಪಯ್ಯ ಫೋನನ್ನು ಕಿವಿಗೆ ಹಿಡಿದು ಕೇಳಿದರು, ಚಿತ್ರ ನೋಡಲಿಲ್ಲ. ವಿಮಾನ ಏರುತ್ತಿತ್ತು, ಸದ್ದು ಒಂದೇ ಸಮ.

"ಗುಂಡು ಕೆಲಸ ಮಾಡ್ತಾ ಇದೆ" ಅಂದರು. ಆಮೇಲೆ ಕೇಳಿದರು, "ಆ ಹಿಂದಿನ ಬಿರಡೆ ತಂದಿದ್ದೀಯಾ?"

ಬ್ಯಾಗಿನಲ್ಲಿತ್ತು. ತೂತಿರುವ ಆ ಹಳೇ ಬಿರಡೆ ಈಗ ಪಂಪ್‌ಸೆಟ್ ಮನೆಯ ಕಿಟಕಿಯಲ್ಲಿದೆ.